ಬಾಗಿಲ ಹಿಂದಿನ ಚಾರ್ಟು

ಪೆಕಾನ್ ಫೋರ್ಕ್ ಪ್ರಾಥಮಿಕ ಶಾಲೆಯಲ್ಲಿ ನಾನು ಇಪ್ಪತ್ನಾಲ್ಕು ವರ್ಷ ಮೂರನೇ ತರಗತಿಗೆ ಪಾಠ ಮಾಡಿದೆ. ಒಕ್ಲಹೋಮಾದ ಈ ಮೂಲೆಯಲ್ಲಿ ವರ್ನಾ ಸ್ಟಾಲ್‌ಕಪ್ ಎಂಬ ನನ್ನ ಹೆಸರು ಕೇಳಿದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ಏಪ್ರಿಲ್ ತಿಂಗಳ ರಾಜ್ಯ ಪರೀಕ್ಷೆ. ಆಗ ಓದಿನ ಪರೀಕ್ಷೆಯಲ್ಲಿ ಪಾಸಿನ ಗೆರೆ ದಾಟದ ಮಗುವನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತಿದ್ದರು. ಹಾಗಾಗಿ ಆಗಸ್ಟ್ ಬಂತೆಂದರೆ ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದಾಗಲೂ ತಾಯಂದಿರು ಬಂದು ತಮ್ಮ ಮಗುವನ್ನು ನನ್ನ ತರಗತಿಗೇ ಹಾಕಿಸಿ ಎಂದು ಕೇಳಿಕೊಳ್ಳುತ್ತಿದ್ದರು. ಅದು ನನ್ನ ಕೈಯಲ್ಲಿಲ್ಲ ಎನ್ನುತ್ತಲೇ ಒಳಗೊಳಗೇ ಹಿಗ್ಗುತ್ತಿದ್ದೆ.

ನನ್ನ ಪದ್ಧತಿ ಸರಳ. ದಿನಕ್ಕೆರಡು ಅಭ್ಯಾಸದ ಹಾಳೆ, ಮೇಜಿನ ಮೇಲೆ ಟಿಕ್‌ಟಿಕ್ ಎನ್ನುವ ಟೈಮರು. ನಾಲ್ಕು ಉತ್ತರಗಳಲ್ಲಿ ಮೊದಲು ಎರಡು ತಪ್ಪನ್ನು ಹೊಡೆದುಹಾಕು, ಉಳಿದೆರಡರಲ್ಲಿ ಸರಿಯಾದದ್ದನ್ನು ಹಿಡಿ. ಮಾರ್ಚ್ ತಿಂಗಳ ಶನಿವಾರಗಳಲ್ಲಿ ಡೋನಟ್ ತಿನ್ನಿಸಿ ಹೆಚ್ಚುವರಿ ಪಾಠ. ಮಕ್ಕಳು ಅಳುತ್ತಿದ್ದದ್ದೂ ಉಂಟು. ಅತ್ತರೂ ಪಾಸಾಗುತ್ತಿದ್ದರು. ಶಿಕ್ಷಕರ ಕೋಣೆಯ ಗೋಡೆಯ ಮೇಲೆ ಹೆಡ್‌ಮಾಸ್ಟರ್ ಡಗನ್ ತೂಗುಹಾಕುತ್ತಿದ್ದ ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರು ಯಾವಾಗಲೂ ಮೇಲೆ.

ನನ್ನ ಇಪ್ಪತ್ನಾಲ್ಕನೆಯ ವರ್ಷದಲ್ಲಿ ಪಕ್ಕದ ಕೋಣೆಗೆ, ಮೂರನೇ ತರಗತಿಯ ಇನ್ನೊಂದು ವಿಭಾಗಕ್ಕೆ ಟ್ರೀನಾ ಕೋಲ್ಬರ್ಟ್ ಬಂದಳು. ಇಪ್ಪತ್ತೊಂಬತ್ತು ವರ್ಷ. ಅಲ್ಲಿಯವರೆಗೆ ಒಂದನೇ ತರಗತಿಗೆ ಕಲಿಸಿದ್ದವಳು, ರಾಜ್ಯ ಪರೀಕ್ಷೆಯ ಮುಖವನ್ನೇ ನೋಡಿದವಳಲ್ಲ. ಅವಳ ಕೋಣೆಯಲ್ಲಿ ಟೈಮರಿರಲಿಲ್ಲ. ಮಕ್ಕಳು ಪಾಠವನ್ನು ಗಟ್ಟಿಯಾಗಿ ಓದಿ, ಆಮೇಲೆ ತಾವೇ ಪರೀಕ್ಷೆ ಮಾಡುವವರಂತೆ ಪ್ರಶ್ನೆ ಬರೆಯುತ್ತಿದ್ದರು. ಒಂದು ಸರಿ ಉತ್ತರ, ಮೂರು ಮೋಸದ ಉತ್ತರ. ಯಾರ ಮೋಸಕ್ಕೆ ಹೆಚ್ಚು ಜನ ಬಿದ್ದರೋ ಅವರು ಗೆದ್ದಂತೆ. ನಮ್ಮಿಬ್ಬರ ನಡುವಿನ ಗೋಡೆ ತೆಳು. ಆ ಕಡೆಯ ನಗು ಈ ಕಡೆಯ ಟಿಕ್‌ಟಿಕ್ಕನ್ನು ನುಂಗಿಹಾಕುತ್ತಿತ್ತು. ಏಪ್ರಿಲ್ ಬರಲಿ, ಯಾರು ನಗುತ್ತಾರೋ ನೋಡೋಣ ಎಂದುಕೊಂಡು ಸುಮ್ಮನಿದ್ದೆ.

ಅಕ್ಟೋಬರಿನಲ್ಲಿ ಶಾನಾ ವೈಟ್‌ಸೆಲ್ ಬಂದಳು. ಅವಳ ಮಗಳು ಬ್ರಿಲೀ ನನ್ನ ತರಗತಿಯಲ್ಲಿದ್ದಳು. ಶಾನಾಗೂ ಮೂರನೇ ತರಗತಿಯಲ್ಲಿ ನಾನೇ ಕಲಿಸಿದ್ದೆ. ಈಗ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು ಆ ಏಪ್ರನ್‌ನಲ್ಲೇ ನನ್ನೆದುರು ನಿಂತಿದ್ದಳು.

"ಬೇಜಾರ್ ಮಾಡ್ಕೋಬೇಡಿ ಮಿಸ್," ಅಂದಳು. "ಬೆಳಿಗ್ಗೆ ಹೊಟ್ಟೆನೋವು ಅಂತಾಳೆ, ಕಾರಿಂದ ಇಳಿಯಲ್ಲ ಅಂತಾಳೆ. ನಿಮ್ ಮೇಲೆ ದೂರೇನಿಲ್ಲ. ಆ ಟೈಮರ್ ಕಂಡ್ರೆ ಅವಳಿಗಾಗಲ್ಲ. ಪಕ್ಕದ್ ಕ್ಲಾಸಿಗೆ ಹಾಕ್ಸಿದೀನಿ."

ಇಪ್ಪತ್ನಾಲ್ಕು ವರ್ಷದಲ್ಲಿ ನನ್ನ ತರಗತಿಗೆ ಬರಲು ಜನ ಜಗಳವಾಡಿದ್ದನ್ನು ಕಂಡಿದ್ದೆ. ಬಿಟ್ಟುಹೋದವರು ಒಬ್ಬರೂ ಇರಲಿಲ್ಲ. ಬ್ರಿಲೀ ಒಳ್ಳೆಯ ಹುಡುಗಿ, ಆದರೆ ಅಕ್ಷರಗಳ ಮುಂದೆ ತಡವರಿಸುವವಳು. ಟೈಮರ್ ಇಟ್ಟರೆ ಓದದೆಯೇ ಸಿಕ್ಕಸಿಕ್ಕ ಉತ್ತರಕ್ಕೆ ಗುರುತು ಹಾಕಿ, ತಲೆ ಮೇಜಿಗಾನಿಸಿಬಿಡುತ್ತಿದ್ದಳು. ಅವಳು ಗೆರೆ ದಾಟುವುದಿಲ್ಲವೆಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಹೋದರೆ ಹೋಗಲಿ, ನನ್ನ ಲೆಕ್ಕ ಹಗುರವಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಜನವರಿಯಲ್ಲಿ ಅಭ್ಯಾಸ ಪರೀಕ್ಷೆಯಾಯಿತು. ಟ್ರೀನಾಳ ಇಪ್ಪತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತು ಜನ ಗೆರೆ ದಾಟಿದ್ದರು. ನನ್ನ ಇಪ್ಪತ್ತೊಂದರಲ್ಲಿ ಹದಿನಾರು. ಆ ಹತ್ತೊಂಬತ್ತರಲ್ಲಿ ಬ್ರಿಲೀಯೂ ಇದ್ದಳು. ಡಗನ್ ಹೊಸ ಪಟ್ಟಿ ಅಂಟಿಸುವಾಗ ನಾನು ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಲೋಟ ತುಂಬಿ ಚೆಲ್ಲಿದ್ದು ನನಗೆ ತಿಳಿಯಲಿಲ್ಲ.

ಅಲ್ಲಿಂದ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಅವಳ ಬಾಗಿಲ ಮುಂದೆ ಹಾಯುವಾಗ ನನ್ನ ನಡಿಗೆ ನಿಧಾನವಾಗುತ್ತಿತ್ತು. ಅವಳ ಮಕ್ಕಳು ಶಾಲೆಯಲ್ಲಿ ಕೊಡುವ ಹಾಲಿನ ಡಬ್ಬಿ ಹಿಡಿದು ಅವಳ ಸುತ್ತ ಜಮಾಯಿಸುವುದು, ಬ್ರಿಲೀ ಅವಳ ತೋಳಿಗೆ ಜೋತುಬೀಳುವುದು, ಎಲ್ಲವನ್ನೂ ಎಣಿಸುತ್ತಿದ್ದೆ. ಬ್ರಿಲೀ ನನ್ನ ತೋಳನ್ನು ಒಮ್ಮೆಯೂ ಹಿಡಿದಿರಲಿಲ್ಲ. ಸೇಂಟ್ ವ್ಯಾಲೆಂಟೈನನ ದಿನ ಟ್ರೀನಾಳ ಮೇಜಿನ ಮೇಲೆ ಮಕ್ಕಳು ಕೊಟ್ಟ ಕಾರ್ಡುಗಳು ಎಷ್ಟಿದ್ದವೆಂದು ನನಗೆ ಈಗಲೂ ನೆನಪಿದೆ. ಮೂವತ್ತೊಂದು. ತರಗತಿಯಲ್ಲಿದ್ದದ್ದು ಇಪ್ಪತ್ತೆರಡೇ ಮಕ್ಕಳು. ಉಳಿದ ಒಂಬತ್ತರಲ್ಲಿ ನನ್ನ ಮಕ್ಕಳು ಕೊಟ್ಟದ್ದೆಷ್ಟು ಎಂದು ವಾರವಿಡೀ ಯೋಚಿಸಿದೆ.

ಕೊನೆಗೆ ನಾಚಿಕೆ ಬಿಟ್ಟು ಅವಳ ಪ್ರಶ್ನೆಯಾಟವನ್ನು ಕದ್ದೆ. ಒಂದು ಸೋಮವಾರ ಟೈಮರನ್ನು ಡ್ರಾಯರಿಗೆ ಹಾಕಿ, ನೀವೇ ಪ್ರಶ್ನೆ ಬರೆಯಿರಿ ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ತಪ್ಪಾದರೆ ಅಂಕ ಹೋಗುತ್ತದೆಯೇ ಎಂದು ಒಬ್ಬಳು ಕೇಳಿದಳು. ಮುಂದಿನ ಸಾಲಿನ ವೆಸ್ಟನ್ ಕೈಯೆತ್ತಿದ.

"ಮಿಸ್, ಇದು ಪಕ್ಕದ್ ಕ್ಲಾಸಿನವ್ರ ಆಟ ಅಲ್ವಾ?"

"ಇದು ನಂದೇ," ಅಂದೆ. "ಅವರು ನನ್ನ ನೋಡಿ ಕಲ್ತಿದ್ದು."

ಎಂಟು ವರ್ಷದ ಹುಡುಗನಿಗೆ ಸುಳ್ಳು ಹೇಳಿದ್ದೆ. ಹತ್ತು ನಿಮಿಷದಲ್ಲಿ ಟೈಮರ್ ಮತ್ತೆ ಮೇಜಿನ ಮೇಲಿತ್ತು.

ನನ್ನ ಗಂಡ ಜೀನ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಒಗಟಾಗಿ ಮಾತಾಡುವವನಲ್ಲ. ಮಕ್ಕಳು ಪಾಸಾದರೆ ಯಾರ ತರಗತಿಯಾದರೇನು ಎಂದು ಅವನು ಊಟದ ನಡುವೆ ಕೇಳಿದ. ಅವತ್ತು ಅವನ ತಟ್ಟೆಗೆ ಎರಡನೇ ಸಲ ಏನನ್ನೂ ಬಡಿಸಲಿಲ್ಲ.

ಏಪ್ರಿಲ್ ಬಂತು. ಪರೀಕ್ಷೆಯ ದಿನ ಗೋಡೆಯ ಮೇಲೆ ಒಂದಕ್ಷರವೂ ಕಾಣಬಾರದು. ಅಕ್ಷರಮಾಲೆ, ಮಗ್ಗಿ, ಭೂಪಟ ಎಲ್ಲವನ್ನೂ ಕಂದು ಕಾಗದದಿಂದ ಮುಚ್ಚಬೇಕು. ಒಂದು ಚಾರ್ಟು ಕಂಡರೂ ಆ ತರಗತಿಯ ಪರೀಕ್ಷೆಯೇ ರದ್ದು. ಏಳೂಮುಕ್ಕಾಲಿಗೆ ನನ್ನ ಕೋಣೆ ಮುಚ್ಚಿ ಮುಗಿಸಿ, ಉಳಿದ ಕಾಗದದ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಾಗ ಟ್ರೀನಾ ಕರೆದಳು. ಪರೀಕ್ಷೆಯ ಹೊತ್ತಿಗೆ ಮಕ್ಕಳು ಚೀಪಲೆಂದು ಪೆಪ್ಪರ್‌ಮಿಂಟ್ ತಂದಿದ್ದಳು. ನನ್ನ ಮಕ್ಕಳಿಗೂ ಸೇರಿಸಿಯೇ ಎರಡು ಚೀಲ.

"ನಂಗಿದು ಮೊದಲ್ನೇ ಸಲ," ಎಂದಳು. "ನೀವು ಇಷ್ಟ್ ವರ್ಷ ಮಾಡಿದೀರಿ. ಒಂದ್ಸಲ ಸುತ್ತ ನೋಡಿ ಹೇಳಿ, ಏನಾದ್ರೂ ಬಿಟ್ಟಿದೀನಾ?"

ನೋಡಿದೆ. ನಾಲ್ಕು ಗೋಡೆಗಳೂ ಅಚ್ಚುಕಟ್ಟಾಗಿ ಮುಚ್ಚಿದ್ದವು. ಆದರೆ ತೆರೆದ ಬಾಗಿಲು ಗೋಡೆಗೊರಗಿದ್ದಲ್ಲಿ, ಅದರ ಹಿಂದೆ ಒಂದು ಚಾರ್ಟಿನ ಅಂಚು ಕಂಡಿತು. ಪದಗಳ ಹಿಂದೆ ಮುಂದೆ ಸೇರುವ ಭಾಗಗಳನ್ನು ಬಿಡಿಸಿ ಮಕ್ಕಳೇ ಬಣ್ಣದಲ್ಲಿ ಬರೆದದ್ದು. ಬಾಗಿಲು ತೆರೆದಿರುವಷ್ಟು ಹೊತ್ತು ಅದು ಮರೆಯಲ್ಲಿರುತ್ತದೆ. ಪರೀಕ್ಷೆ ಶುರುವಾಗಿ ಬಾಗಿಲು ಹಾಕಿದರೆ ಇಡೀ ಚಾರ್ಟು ಹೊರಗೆ. ಕಾಗದ ನನ್ನ ಕಂಕುಳಲ್ಲಿತ್ತು, ಟೇಪು ಮಣಿಕಟ್ಟಿನಲ್ಲಿ ಬಳೆಯಂತೆ ನೇತಾಡುತ್ತಿತ್ತು.

"ಎಲ್ಲಾ ಸರಿ ಇದೆ ಚಿನ್ನ," ಅಂದೆ. ಪೆಪ್ಪರ್‌ಮಿಂಟ್ ಚೀಲ ತೆಗೆದುಕೊಂಡು ಬಂದೆ.

ಹತ್ತು ಗಂಟೆಗೆ ಜಿಲ್ಲಾ ಕಚೇರಿಯಿಂದ ಮೇಲ್ವಿಚಾರಕಿ ಬಂದಳು. ಮೊದಲು ನನ್ನ ಕೋಣೆ ನೋಡಿ ತಲೆಯಾಡಿಸಿ ಹೋದಳು. ಆಮೇಲೆ ಪಕ್ಕದಲ್ಲಿ ಬಾಗಿಲು ತೆರೆದು ಮುಚ್ಚಿದ ಸದ್ದು, ಪಿಸುಮಾತು. ಕೊನೆಗೆ ಇಪ್ಪತ್ತೆರಡು ಕುರ್ಚಿಗಳನ್ನು ಒಟ್ಟಿಗೆ ಎಳೆದ ಸದ್ದು. ಆಗ ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಬಾಯಲ್ಲಿದ್ದ ಅವಳದೇ ಪೆಪ್ಪರ್‌ಮಿಂಟ್ ಕರಗುವಷ್ಟು ಹೊತ್ತು ಆ ಸಂತೋಷವಿತ್ತು.

ಮಧ್ಯಾಹ್ನ ಊಟದ ಹಾಲ್‌ಗೆ ಹೋದರೆ ಅವಳ ಮಕ್ಕಳು ಗೋಡೆಯ ಪಕ್ಕ ಸಾಲಾಗಿ ಕೂತಿದ್ದರು. ಕೆಲವರು ಅತ್ತು ಮುಖ ಊದಿಸಿಕೊಂಡಿದ್ದರು. ಬ್ರಿಲೀ ಎದ್ದು ನನ್ನ ಹತ್ತಿರ ಬಂದಳು.

"ಮಿಸ್, ನಾವೇನು ತಪ್ಪು ಮಾಡಿದ್ವಿ? ನಾನು ಎಲ್ಲಾ ಪೂರ್ತಿ ಓದಿದ್ದೆ. ಒಂದೂ ಬಿಟ್ಟಿರ್ಲಿಲ್ಲ."

ನೀವೇನೂ ತಪ್ಪು ಮಾಡಿಲ್ಲ ಎಂದೆ. ಅವಳು ಹೋಗಿ ಮತ್ತೆ ಸಾಲಿನಲ್ಲಿ ಕೂತಳು.

ಮರುಪರೀಕ್ಷೆ ಮುಂದಿನ ಮಂಗಳವಾರ. ಟ್ರೀನಾ ಕೋಣೆಯೊಳಗೆ ಇರುವಂತಿರಲಿಲ್ಲ. ನಂಬಿಕಸ್ತರು ಬೇಕೆಂದು ಡಗನ್ ನನ್ನನ್ನೇ ಕೂರಿಸಿದ. ನಾನು ಒಳಗೆ ಬಂದದ್ದೇ ಮಕ್ಕಳ ಬೆನ್ನು ನೆಟ್ಟಗಾಯಿತು. ಅಂದು ಟೈಮರಿರಲಿಲ್ಲ, ಪರೀಕ್ಷೆಗೆ ಹೊತ್ತಿನ ಮಿತಿಯೂ ಇರಲಿಲ್ಲ. ಆದರೂ ಬ್ರಿಲೀ ಪರೀಕ್ಷೆ ಬರೆಯಲು ಕೊಟ್ಟ ಲ್ಯಾಪ್‌ಟಾಪಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಹಿಂದಿನ ಗೋಡೆಗೆ ಹೋಗಿ ನಿಂತೆ. ಅವಳು ಹಿಂತಿರುಗಿ ನೋಡಿದಳು. ಆಮೇಲೆ ಟಕ್ ಟಕ್ ಎಂದು ಒಂದೇ ಸಮನೆ ಒತ್ತತೊಡಗಿದಳು. ಇಪ್ಪತ್ತು ನಿಮಿಷದಲ್ಲಿ ಮುಗಿಸಿ ತಲೆ ಮೇಜಿಗಾನಿಸಿದಳು. ನಿಯಮದ ಪ್ರಕಾರ ನಾನು ತುಟಿ ಬಿಚ್ಚುವಂತಿರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನನ್ನವರು ಹದಿನೆಂಟು, ಅವಳವರು ಹದಿನಾರು. ಬ್ರಿಲೀ ಗೆರೆಯಿಂದ ನಾಲ್ಕು ಅಂಕ ಕೆಳಗೆ. ಟ್ರೀನಾಳ ಕಡತಕ್ಕೆ ಎಚ್ಚರಿಕೆಯ ಪತ್ರ ಸೇರಿತು. ಪಟ್ಟಿಯಲ್ಲಿ ನನ್ನ ಹೆಸರು ಮತ್ತೆ ಮೇಲೇರಿತ್ತು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ನಾನು ಕಾಫಿ ಕುಡಿಯದೆ ಆ ಕೋಣೆಯಿಂದ ಹೊರಬಿದ್ದೆ.

ಮಧ್ಯಾಹ್ನ ಕಾರು ನಿಲ್ಲಿಸುವ ಜಾಗದಲ್ಲಿ ಟ್ರೀನಾಳನ್ನು ನಿಲ್ಲಿಸಿ, ಚಾರ್ಟನ್ನು ನಾನು ಅವತ್ತೇ ಕಂಡಿದ್ದೆ ಎಂದು ಹೇಳಿದೆ. ಕೆಂಪು ಧೂಳೆಬ್ಬಿಸುತ್ತ ಗಾಳಿ ಬೀಸುತ್ತಿತ್ತು. ಅವಳು ಕಾರಿನ ಬಾಗಿಲನ್ನು ಹಿಡಿದೇ ನಿಂತಿದ್ದಳು.

"ಗೊತ್ತಿತ್ತು," ಎಂದಳು. "ನಿಮ್ ಕಣ್ಣು ಬಾಗಿಲ ಹತ್ರ ನಿಂತಿದ್ದು ನೋಡ್ದೆ. ಅದ್ಯಾಕೆ ಅಂತ ಆಮೇಲೆ ಹೊಳೀತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ನಂಬ್ತಿದ್ರು? ನೀವು ಮಿಸೆಸ್ ಸ್ಟಾಲ್‌ಕಪ್." ಕಾರಿನಲ್ಲಿ ಕೂತು ಗಾಜು ಇಳಿಸಿದಳು. "ಈಗ ನನ್ ಹತ್ರ ಹೇಳಿ ಹಗುರ ಆಗ್ಬೇಡಿ. ಡಗನ್‌ಗೆ ಹೇಳಿ. ಶಾನಾಗೆ ಹೇಳಿ."

ಡಗನ್‌ಗೆ ಹೇಳುವುದು ಕಷ್ಟವಾಗಲಿಲ್ಲ. ಅವನು ಬಹಳ ಹೊತ್ತು ಕನ್ನಡಕ ಒರೆಸಿದ. ಎಚ್ಚರಿಕೆಯ ಪತ್ರ ಅವಳ ಕಡತದಿಂದ ಹೋಗಿ, ನನ್ನ ಕಡತಕ್ಕೆ ಅದಕ್ಕಿಂತ ಉದ್ದದ್ದೊಂದು ಬಂತು. ಶಾನಾಳ ಮನೆಯ ಮೆಟ್ಟಿಲೇರುವುದು ಮಾತ್ರ ಕಷ್ಟವಾಯಿತು. ಅವಳು ಒಳಗೆ ಕರೆಯಲಿಲ್ಲ. ಜಗಲಿಯಲ್ಲಿ ನಿಂತೇ ಪೂರ್ತಿ ಕೇಳಿದಳು.

"ನಾನು ಮೂರನೇ ಕ್ಲಾಸಲ್ಲಿದ್ದಾಗ್ಲೂ ನಿಮ್ಗೆ ಹೆದರ್ತಿದ್ದೆ ಮಿಸ್," ಎಂದಳು. "ಒಳ್ಳೇದಕ್ಕೇ ಬೈತಾರೆ ಅಂದ್ಕೊಂಡಿದ್ದೆ. ಇದು ಯಾರ ಒಳ್ಳೇದಕ್ಕೆ?"

ಇನ್ನೂ ಒಂದು ದಾರಿಯಿದೆ ಎಂದೆ. ಶಿಕ್ಷಕರೂ ಪೋಷಕರೂ ಕೂತು ಒಪ್ಪಿದರೆ ಗೆರೆ ದಾಟದ ಮಗುವನ್ನೂ ಮುಂದಿನ ತರಗತಿಗೆ ಕಳಿಸಬಹುದಿತ್ತು. ಜೂನ್ ಮೊದಲ ವಾರ ಆ ಸಭೆಯಲ್ಲಿ ಏಳು ಜನರೆದುರು ನಡೆದದ್ದನ್ನೆಲ್ಲ ಇನ್ನೊಮ್ಮೆ ಹೇಳಿದೆ. ಬ್ರಿಲೀ ಜನವರಿಯಲ್ಲಿ ಬರೆದ ಹಾಳೆಗಳನ್ನು ಟ್ರೀನಾ ತಂದಿದ್ದಳು. ಎಲ್ಲರೂ ಸಹಿ ಹಾಕಿದರು. ಬ್ರಿಲೀ ನಾಲ್ಕನೇ ತರಗತಿಗೆ ಹೋದಳು. ಗೆರೆಯ ಕೆಳಗುಳಿದ ಇನ್ನೈದು ಮಕ್ಕಳಲ್ಲಿ ಮೂವರೂ ಹಾಗೆಯೇ ಹೋದರು. ಇಬ್ಬರು ಉಳಿದರು. ಆ ಇಬ್ಬರ ಹೆಸರು ನನ್ನ ನಾಲಗೆಯ ಮೇಲಿದೆ, ಹೇಳುವುದಿಲ್ಲ.

ನನ್ನನ್ನು ಮೂರನೇ ತರಗತಿಯಿಂದ ತೆಗೆದು ಗ್ರಂಥಾಲಯದ ಪಕ್ಕದ ಸಣ್ಣ ಕೋಣೆ ಕೊಟ್ಟರು. ಓದಲು ತೊಡಕಿರುವ ಮಕ್ಕಳು ಇಬ್ಬಿಬ್ಬರಾಗಿ ಅಲ್ಲಿಗೆ ಬರುತ್ತಾರೆ. ಗೋಡೆಯ ಪಟ್ಟಿಯಲ್ಲಿ ಈಗ ನನಗೆ ಸಾಲೇ ಇಲ್ಲ.

ಆಗಸ್ಟಿನಲ್ಲಿ, ವಾರಕ್ಕೊಮ್ಮೆ ನಿನ್ನ ಪಾಠ ನೋಡಲು ಬರಬಹುದೇ ಎಂದು ಟ್ರೀನಾಳನ್ನು ಕೇಳಿದೆ. ಉತ್ತರ ಕೊಡಲು ಎರಡು ವಾರ ತೆಗೆದುಕೊಂಡಳು.

"ಗುರುವಾರ ಬನ್ನಿ," ಎಂದಳು. "ಹಿಂದ್ಗಡೆ ಕೂತ್ಕೊಳಿ. ಮಾತಾಡ್ಬೇಡಿ."

ಗುರುವಾರಗಳಂದು ಹೋಗುತ್ತೇನೆ. ಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಿಸಿ ಕೂತು, ಅವಳು ಒಂದು ತಪ್ಪು ಉತ್ತರವನ್ನು ಹಿಡಿದು ಮಗುವಿನ ಜೊತೆ ಎಷ್ಟು ಹೊತ್ತು ಆಡುತ್ತಾಳೆಂದು ನೋಡುತ್ತೇನೆ, ಬರೆದುಕೊಳ್ಳುತ್ತೇನೆ. ಹೊಟ್ಟೆಕಿಚ್ಚು ಆರಿತೇ ಎಂದು ಮೊನ್ನೆ ಜೀನ್ ಕೇಳಿದ. ಇಲ್ಲ ಎಂದೆ. ಮಕ್ಕಳು ಅವಳ ಕಡೆ ಮುಖವೆತ್ತಿ ನಕ್ಕಾಗಲೆಲ್ಲ ಉರಿಯುತ್ತದೆ. ಉರಿದರೂ ಮುಂದಿನ ಗುರುವಾರ ಹೋಗುತ್ತೇನೆ.