ಪಂಜಕ್ಕೆ ಬಂದ ಕೆಂಪು ಟೊಪ್ಪಿ

ಕಾಣಿಯೂರಿನಲ್ಲಿ ದೇವದಾಸರಿಗೆ ‘ಪೊಲೀಸ್ ದೇವಣ್ಣ’ ಎಂದೇ ಹೆಸರು. ಅವರು ದುಡಿದದ್ದು ಸೈನ್ಯದ ಮಿಲಿಟರಿ ಪೊಲೀಸ್ ದಳದಲ್ಲಿ, ಊರಿನ ಯಾವ ಠಾಣೆಯಲ್ಲೂ ಅಲ್ಲ. ನಿವೃತ್ತರಾಗಿ ಬಂದ ಹೊಸತರಲ್ಲಿ ಅದನ್ನು ಬಿಡಿಸಿ ಹೇಳುತ್ತಿದ್ದರು. ಬೈಕು ಹಿಡಿದಿಟ್ಟಿದ್ದಾರೆ, ಠಾಣೆಗೆ ಒಂದು ಮಾತು ಹೇಳಿ ಎಂದು ಯಾರಾದರೂ ಬಂದರೆ, “ನನ್ನ ಮಾತು ಸಿಪಾಯಿಗಳಿಗೆ ಮಾತ್ರ ನಡೆಯುದು ಮಾರಾಯ್ರೆ, ಬೇರೆಯವರಿಗೆ ಅಲ್ಲ” ಎನ್ನುತ್ತಿದ್ದರು. ಬಂದವರು ಸಹಾಯ ಮಾಡಲು ಮನಸ್ಸಿಲ್ಲ ಎಂದುಕೊಂಡು ಹೋಗುತ್ತಿದ್ದರು. ಈಗ ದೇವದಾಸರು ಹೇಳುವುದನ್ನೇ ಬಿಟ್ಟಿದ್ದಾರೆ.

ಕಳೆದ ಡಿಸೆಂಬರಿನಲ್ಲಿ ಪಂಜದ ಅಚ್ಚುತನ ಫೋನು ಬಂತು. “ದೇವಣ್ಣ, ಮಗಳು ಪ್ರೀತಿಕಾಳ ನಿಶ್ಚಿತಾರ್ಥ. ನೀವು ಬಾರದೆ ಆಗುದಿಲ್ಲ. ಮಹಾಲಿಂಗಣ್ಣನನ್ನೂ ಕರ್ಕೊಂಡು ಬನ್ನಿ, ಅವರಿಗೆ ಒಬ್ಬರಿಗೇ ಬಸ್ಸು ಹತ್ತುದು ಕಷ್ಟ.”

ಮಹಾಲಿಂಗರು ಬೆಳ್ಳಾರೆಯವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಎಂಬತ್ತರ ಹತ್ತಿರದವರು. ದೇವದಾಸರು ಕಾರಿನಲ್ಲಿ ಅವರ ಮನೆಗೆ ಹೋದಾಗ ಅವರು ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಜಗಲಿಯಲ್ಲೇ ಕಾಯುತ್ತಿದ್ದರು. ಕಾರು ಹತ್ತಿ ಕೂತವರೇ ಕೇಳಿದರು, “ನೋಡಿದ್ಯಾ? ನಮ್ಮ ಟೊಪ್ಪಿ ಹೋಯ್ತು.”

“ಪೇಪರಿನಲ್ಲಿ ನೋಡಿದೆ.”

“ಈಗಿನ ಪೊಲೀಸರಿಗೆ ನೀಲಿ ಟೊಪ್ಪಿ. ಚಂದ ಉಂಟು, ಇಲ್ಲ ಹೇಳುದಿಲ್ಲ. ಹಗುರವೂ ಇರ್ಬಹುದು. ನಮ್ಮದು ಮಳೆಗೆ ಒದ್ದೆಯಾದ್ರೆ ತಲೆ ಮೇಲೆ ಹಸಿ ಕಂಬಳಿ ಹೊತ್ತ ಹಾಗೆ. ಆದ್ರೂ ಒಂದು ಬದಿ ಮಡಚಿದ ಆ ಟೊಪ್ಪಿ ದೂರದಿಂದ ಕಂಡ್ರೆ ಸಾಕಿತ್ತು, ಪೇಟೆಯೇ ಸರಿಯಾಗ್ತಿತ್ತು.” ಅವರು ಕಿಟಕಿಯ ಕಡೆ ತಿರುಗಿದರು. “ನೀನು ಮೊದಲ ಸಲ ಬಂದಾಗ ನಿನ್ನ ತಲೆ ಮೇಲಿನದ್ದು ಕಂಡು ನಮ್ಮ ರೈಟರ್ ಎಂತ ಕೇಳಿದ್ದು, ನೆನಪುಂಟಾ?”

ದೇವದಾಸರಿಗೆ ನೆನಪಿಲ್ಲದೆ ಏನು! ಮೂವತ್ತು ವರ್ಷದ ಹಿಂದಿನ ಮಾತು. ಆಗ ಅವರು ಬೆಂಗಳೂರಿನಲ್ಲಿದ್ದರು, ಇನ್ನೂ ಲಾನ್ಸ್ ನಾಯಕ್. ಪಂಜದ ಅಚ್ಚುತ ಎಂಬ ಸಿಪಾಯಿ ತಂದೆ ತೀರಿಕೊಂಡರೆಂದು ರಜೆಯಲ್ಲಿ ಹೋದವನು ರಜೆ ಮುಗಿದು ತಿಂಗಳುಗಳಾದರೂ ಮರಳಲಿಲ್ಲ. ಅವನನ್ನು ಹಿಡಿದಿಡಿ ಎಂದು ಸೈನ್ಯದಿಂದ ಊರಿನ ಪೊಲೀಸರಿಗೆ ಕಾಗದ ಹೋಯಿತು. ಆಳು ಸಿಕ್ಕಿದ್ದಾನೆ ಎಂದು ಠಾಣೆಯಿಂದ ಉತ್ತರ ಬಂತು. ಭಾಷೆ ಬಲ್ಲವನೆಂದು ದೇವದಾಸರನ್ನೇ ಕರೆತರಲು ಕಳಿಸಿದರು, ಜೊತೆಗೊಬ್ಬ ಗಢವಾಲದ ಜವಾನ. ಆ ಜವಾನ ಪುತ್ತೂರಿನಲ್ಲಿ ಇಳಿದ ಕೂಡಲೇ ಹೊಟ್ಟೆ ತುಂಬ ಮೀನುಸಾರು ಉಂಡು, ಲಾಡ್ಜಿನ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ. ದೇವದಾಸರು ಒಬ್ಬರೇ ಠಾಣೆಗೆ ಹೋದರು.

ಹಸಿರು ಸಮವಸ್ತ್ರ, ಕೆಂಪು ಟೊಪ್ಪಿ, ಬಿಳಿ ಬೆಲ್ಟು, ತೋಳಿಗೆ ಕಪ್ಪು ಪಟ್ಟಿ. ಪಟ್ಟಿಯ ಮೇಲೆ ಕೆಂಪಿನಲ್ಲಿ ಇಂಗ್ಲಿಷಿನ ಎರಡೇ ಅಕ್ಷರ, ಎಂ ಮತ್ತು ಪಿ. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ದಡಕ್ಕನೆ ಎದ್ದು ನಿಂತ. “ಎಂ.ಪಿ. ಸಾಹೇಬ್ರು ಬರ್ತಾರಾ? ನಮಗೆ ಹೇಳ್ಲೇ ಇಲ್ಲ!”

ಒಳಗಿನಿಂದ ಬಂದ ಮಹಾಲಿಂಗರು ನಗಲಿಲ್ಲ. ದೇವದಾಸರ ಎದೆಯನ್ನೂ ಹೆಗಲನ್ನೂ ದಿಟ್ಟಿಸಿ ನೋಡಿದರು. “ನಿಮಗೆ ನಂಬರ್ ಇಲ್ವಾ? ನಮ್ಮಲ್ಲಿ ಎದೆ ಮೇಲೆ ನಂಬರ್ ಇಲ್ಲದಿದ್ರೆ ಮನುಷ್ಯನೇ ಇಲ್ಲ. ನನ್ನ ಹೆಸ್ರು ಈ ಠಾಣೆಯಲ್ಲಿ ಎಷ್ಟು ಜನಕ್ಕೆ ಗೊತ್ತುಂಟೋ ದೇವರಿಗೇ ಗೊತ್ತು.”

“ನಂಬರ್ ಕಾರ್ಡಿನಲ್ಲಿ ಉಂಟು” ಎಂದು ದೇವದಾಸರು ಗುರುತಿನ ಚೀಟಿ ಕೊಟ್ಟರು. ಮಹಾಲಿಂಗರು ಅದರ ಎರಡೂ ಬದಿ ಓದಿ, ಫೋಟೊವನ್ನು ಮುಖದ ಪಕ್ಕಕ್ಕೆ ಹಿಡಿದು ನೋಡಿ ವಾಪಸು ಕೊಟ್ಟರು. “ತಪ್ಪು ತಿಳ್ಕೊಳ್ಬೇಡಿ. ಒಬ್ಬರ ಮಗನನ್ನು ನಿಮ್ಮ ಕೈಗೆ ಕೊಡುದಲ್ವಾ.”

ಅಚ್ಚುತ ಲಾಕಪ್ಪಿನಲ್ಲಿ ಇರಲಿಲ್ಲ. ಮನೆಯಲ್ಲೇ ಇದ್ದ. ಮಹಾಲಿಂಗರು ಮಾಮೂಲು ಬಟ್ಟೆಯಲ್ಲಿ ಹೋಗಿ ಅವನನ್ನು ತೋಟದ ಮೂಲೆಯಲ್ಲಿ ಕಂಡು, ಸೈನ್ಯದವರು ಬರುವ ತನಕ ಎಲ್ಲಿಗೂ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡು ಬಂದಿದ್ದರು. ಬಸ್ಸಿಗೆ ಕಾಯುವಾಗ ದೇವದಾಸರಿಗೆ ಹೇಳಿದರು, “ಖಾಕಿ ಹಾಕಿ ನಾನು ಆ ಅಂಗಳಕ್ಕೆ ಹೋದ್ರೆ ಊರಿಡೀ ಹೇಳುದು, ಕಮಲಾವತಿಯ ಮಗನನ್ನು ಪೊಲೀಸರು ಕೊಂಡೋದ್ರು ಅಂತ. ಅವನಿಗೆ ಇಬ್ಬರು ತಂಗಿಯಂದಿರು ಬೇರೆ. ನಿಮ್ಮ ಉಡುಪು ಆ ಕಡೆ ಯಾರೂ ಕಂಡವರಲ್ಲ. ನೀವು ಮುಂದೆ ನಡೀರಿ. ಮಿಲಿಟರಿಯಿಂದ ಕರೆಯಲಿಕ್ಕೆ ಬಂದಿದ್ದಾರೆ ಅಂತಾರೆ. ಅದು ಸುಳ್ಳೂ ಅಲ್ಲ.”

ಪಂಜದ ಹೋಟೆಲೊಂದರ ಹಿಂದೆ ಮಹಾಲಿಂಗರು ಲುಂಗಿಯುಟ್ಟು, ಖಾಕಿಯನ್ನೂ ಟೊಪ್ಪಿಯನ್ನೂ ಚೀಲಕ್ಕೆ ತುರುಕಿ, ಚೀಲವನ್ನು ಹೋಟೆಲಿನವರ ಕೈಗೆ ಕೊಟ್ಟರು. ಗದ್ದೆಯ ಬದುವಿನಲ್ಲಿ ಕೆಂಪು ಟೊಪ್ಪಿ ಮುಂದೆ, ಲುಂಗಿ ಹಿಂದೆ. ಮನೆಗಳ ಅಂಗಳದಲ್ಲಿ ಜನ ಹೊರಗೆ ಬಂದು ನಿಂತರು. ಒಬ್ಬ ಅಜ್ಜ ಸಲ್ಯೂಟು ಹೊಡೆದೇಬಿಟ್ಟ.

ಅಚ್ಚುತ ಮರದ ಮೇಲಿದ್ದ. ಕೊಳೆರೋಗ ಬಾರದ ಹಾಗೆ ಅಡಿಕೆಗೆ ಮದ್ದು ಬಿಡಲು ಪೈಪು ಕಟ್ಟುತ್ತಿದ್ದ. ಕೆಂಪು ಟೊಪ್ಪಿ ಕಂಡದ್ದೇ ಸರಸರನೆ ಇಳಿದು ಬಂದು, ಮೈಲುತುತ್ತಿನ ನೀಲಿ ಹತ್ತಿದ ಕೈಗಳನ್ನು ತೊಡೆಗೆ ಅಂಟಿಸಿ ಅಟೆನ್ಷನ್‌ನಲ್ಲಿ ನಿಂತ. “ಕಳೆದ ವರ್ಷ ಅಪ್ಪನಿಗೆ ಮದ್ದು ಬಿಡ್ಲಿಕ್ಕೆ ಜನ ಸಿಕ್ಕದೆ ಅಡಿಕೆ ಪೂರಾ ಉದುರಿತ್ತು, ಸಾರ್. ಮೊದಲ ಮದ್ದು ಮುಗಿಸಿ ಹೋಗುದು ಅಂತಿದ್ದೆ. ಅಷ್ಟರಲ್ಲಿ ಎರಡನೆಯದ್ದು ಬಂತು. ಈಗ ಆ ಬದಿಯದ್ದು ಮಾತ್ರ ಬಾಕಿ. ಕೆಳಗೆ ನಿಂತು ಪಂಪು ಒತ್ತುವವನೂ ಇವತ್ತು ಬರ್ಲಿಲ್ಲ.”

ದೇವದಾಸರು ತೋಟದ ಆ ಬದಿಯನ್ನು ನೋಡಿದರು. ಅವರ ಹೆಗಲ ಚೀಲದಲ್ಲಿ ಕೈಕೋಳವಿತ್ತು. ಹಾಕಿಯೇ ತರಬೇಕೆಂದು ಸಾಹೇಬರು ಹೇಳಿ ಕಳಿಸಿದ್ದರು. ಏನು ಹೇಳಬೇಕೆಂದು ಅವರು ಯೋಚಿಸುತ್ತಿರುವಾಗಲೇ ಹಿಂದೆ ಪಂಪಿನ ಸದ್ದು ಕೇಳಿಸಿತು. ಮಹಾಲಿಂಗರು ಲುಂಗಿ ಎತ್ತಿ ಕಟ್ಟಿ ಹಿಡಿಕೆ ಒತ್ತುತ್ತಿದ್ದರು. “ಹತ್ತು ಮಾರಾಯ, ಮಳೆ ಬರುವ ಮೊದಲು ಮುಗಿಸು!”

ಮಧ್ಯಾಹ್ನ ಕಳೆದು ಕೆಲಸ ಮುಗಿಯಿತು. ಕಮಲಾವತಿ ಮೂವರಿಗೂ ಊಟ ಬಡಿಸಿದರು. ದೇವದಾಸರಿಗೆ ಮಣೆ ಹಾಕಿ, ಅವರ ತೋಳಿನ ಪಟ್ಟಿಯನ್ನು ಹೆದರಿ ಹೆದರಿ ನೋಡುತ್ತಾ, “ನಮ್ಮ ಅಚ್ಚುವನ್ನು ಕರೆಯಲಿಕ್ಕೆ ಇಷ್ಟು ದೊಡ್ಡವರು ಬರ್ಬೇಕಿತ್ತಾ?” ಎಂದರು.

ಮಹಾಲಿಂಗರು ಪಂಜದಲ್ಲಿ ತಮ್ಮ ಚೀಲ ತೆಗೆದುಕೊಂಡು ಠಾಣೆಗೆ ಮರಳಿದರು. ಪುತ್ತೂರಿನ ಬಸ್ಸು ಹೋಗುವುದು ಕಾಣಿಯೂರಿನ ಮೇಲೆಯೇ. ಸ್ಟಾಪಿನಲ್ಲಿ ಬಸ್ಸು ನಿಂತಾಗ ದೇವದಾಸರು ತಮ್ಮ ಮನೆಗೆ ಹೋಗುವ ಮಣ್ಣಿನ ದಾರಿಯನ್ನು ನೋಡಿದರು. ಅಮ್ಮನನ್ನು ಕಾಣದೆ ವರ್ಷವಾಗಿತ್ತು. ಕರ್ತವ್ಯದ ಮೇಲಿದ್ದವರು ಇಳಿಯುವಂತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಚ್ಚುತ, “ನಿಮ್ಮ ಊರಾ ಸಾರ್?” ಎಂದು ಕೇಳಿದ. ಅವರು ಹೌದೆಂದರು. ಅವನು ಕಿಟಕಿಯ ಸೀಟು ಬಿಟ್ಟುಕೊಟ್ಟ.

ಲಾಡ್ಜಿನಿಂದ ಜವಾನನನ್ನು ಕರೆದುಕೊಳ್ಳುವ ಮೊದಲೇ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಎಡವಟ್ಟಾಯಿತು. ಸೀಟಿಗಾಗಿ ಇಬ್ಬರು ಹೊಡೆದಾಡುತ್ತಿದ್ದರು. ಜನ ಬಂದು ದೇವದಾಸರ ಕೈ ಹಿಡಿದು ಎಳೆದರು. “ಪೊಲೀಸ್ ಸಾರ್, ಬಿಡಿಸಿ ಸಾರ್!”

“ನಾನು ಆ ಪೊಲೀಸ್ ಅಲ್ಲ, ಮಾರಾಯ್ರೆ.”

“ಮತ್ತೆ ಈ ವೇಷ ಎಂತಕ್ಕೆ?” ಎಂದು ಒಬ್ಬಾಕೆ ಗದರಿದರು. ಸೈನ್ಯದವರಲ್ಲದ ಯಾರನ್ನೂ ಮುಟ್ಟುವ ಅಧಿಕಾರ ತನಗಿಲ್ಲ ಎಂದು ದೇವದಾಸರು ಆ ಗದ್ದಲದಲ್ಲಿ ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ತಿರುಗಿ ನೋಡಿದರೆ ಅಚ್ಚುತ ಇಲ್ಲ! ಅವನ ಟ್ರಂಕು ಮಾತ್ರ ಉಂಟು. ಕೈಕೋಳ ಹಾಕದೆ ಕರೆತಂದದ್ದು, ಮದ್ದು ಮುಗಿಸಲು ಬಿಟ್ಟದ್ದು, ಇನ್ನು ಸಾಹೇಬರೆದುರು ನಿಲ್ಲುವುದು, ಎಲ್ಲವೂ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಜನರನ್ನು ತಳ್ಳಿಕೊಂಡು ರಸ್ತೆಯ ಕಡೆ ಓಡಿದರು.

ಎದುರಿನಿಂದ ಅಚ್ಚುತ ಏದುಸಿರು ಬಿಡುತ್ತಾ ಬರುತ್ತಿದ್ದ. ಅವನ ಹಿಂದೆ, ಒಂದು ಬದಿ ಮಡಚಿದ ಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಂಡು ಪೇಟೆಯ ಕಾನ್‌ಸ್ಟೇಬಲ್ ಓಡಿ ಬರುತ್ತಿದ್ದ.

“ನಿಮಗೆ ಆಗುದಿಲ್ಲ ಅಂದ್ರಲ್ಲ ಸಾರ್, ಅದಕ್ಕೆ ಇವರನ್ನು ಕರ್ಕೊಂಡು ಬಂದೆ” ಎಂದ ಅಚ್ಚುತ.

ದೇವದಾಸರು ಟ್ರಂಕಿನ ಮೇಲೆ ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೆಂಗಳೂರಿನಲ್ಲಿ ಅವರು ಸಾಹೇಬರಿಗೆ ಈ ಕಥೆಯನ್ನೂ ಬಿಡದೆ ಹೇಳಿದರು. ಅಚ್ಚುತನಿಗೆ ಶಿಕ್ಷೆಯಾಯಿತು, ಆದರೆ ಕೆಲಸ ಉಳಿಯಿತು. ಮುಂದೆ ಅವನು ಹವಾಲ್ದಾರನಾಗಿಯೇ ನಿವೃತ್ತನಾದ.

ಕಾರು ಪಂಜ ತಲುಪಿತು. ಅಚ್ಚುತ ಅಂಗಳದ ತುದಿಯವರೆಗೆ ಬಂದು ಇಬ್ಬರ ಕೈಯನ್ನೂ ಹಿಡಿದುಕೊಂಡ. ಚಪ್ಪರದ ಮುಂದಿನ ಸಾಲಿನಲ್ಲಿ ಕಮಲಾವತಿ ಕೂತಿದ್ದರು. ವಯಸ್ಸಿಗೆ ಬೆನ್ನು ಬಾಗಿತ್ತು, ಸ್ವರ ಬಾಗಿರಲಿಲ್ಲ. ಗಂಡಿನ ಕಡೆಯವರನ್ನು ಕರೆದು ದೇವದಾಸರನ್ನು ತೋರಿಸಿದರು. “ಇವರು ಮಿಲಿಟರಿಯ ದೊಡ್ಡ ಆಫೀಸರು. ನಮ್ಮ ಅಚ್ಚು ಬಾರದೆ ಅಲ್ಲಿ ಕೆಲಸ ಆಗುದಿಲ್ಲ ಅಂತ ಇವರೇ ಸ್ವತಃ ಬಂದು ಕರ್ಕೊಂಡು ಹೋದದ್ದು.”

ಗಂಡಿನ ತಂದೆ ಕೈಮುಗಿದು, ಪಕ್ಕದಲ್ಲಿದ್ದ ಮಹಾಲಿಂಗರ ಕಡೆ ತಿರುಗಿದರು. “ಇವರು?”

“ಇವರು ಬೆಳ್ಳಾರೆಯವರು” ಎಂದರು ಕಮಲಾವತಿ. “ಪಾಪದ ಜನ. ಆವತ್ತು ನಮ್ಮಲ್ಲಿ ಮದ್ದಿಗೆ ಪಂಪು ಒತ್ತಿದವರು. ಕೂಲಿ ಕೊಡ್ಲಿಕ್ಕೆ ಹೋದ್ರೆ ತೆಗೊಳ್ಳಲೇ ಇಲ್ಲ.”

ದೇವದಾಸರು ಬಾಯಿ ತೆರೆಯುವಷ್ಟರಲ್ಲಿ ಮಹಾಲಿಂಗರು ಅವರ ಮೊಣಕೈ ಒತ್ತಿದರು.

“ಆ ವರ್ಷ ಅಡಿಕೆ ಒಳ್ಳೆಯದಾಯ್ತಲ್ಲ ಕಮಲಕ್ಕ?”

“ಒಂದೂ ಉದುರ್ಲಿಲ್ಲ” ಎಂದರು ಕಮಲಾವತಿ. “ಬನ್ನಿ, ಊಟಕ್ಕೆ ಕೂತ್ಕೊಳ್ಳಿ.”