ಓರ್ಸೊಲಾಳ ಕಣ್ಣು

ಫೆರಾರಾದಲ್ಲಿ ಯಾರಾದರೂ ಸಾಯಲು ಮಲಗಿದರೆ ಮೊದಲು ಪಾದ್ರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ತಾದ್ದೇಯಾಳ ಮನೆಯ ಪುಸ್ತಕಕ್ಕೆ. ನೆಮ್ಮದಿಯಾಗಿ ಸಾಯುವುದು ಹೇಗೆಂದು ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲೇ ಹೇಳುವ ಅಚ್ಚಿನ ಪುಸ್ತಕ ಅದು. ಅಚ್ಚು ಹಾಕಿದವನು ಅದು ಹೊರಬಂದ ವರ್ಷವೇ ಪ್ಲೇಗಿಗೆ ತುತ್ತಾದ. ಊರಿನಲ್ಲಿ ಉಳಿದದ್ದು ಇದೊಂದೇ ಪ್ರತಿ. ಅದರ ಚಿತ್ರಗಳನ್ನು ಮರದ ಹಲಗೆಯಲ್ಲಿ ಕೆತ್ತಿಕೊಟ್ಟವನು ತಾದ್ದೇಯಾಳ ಗಂಡ ಬರ್ತೊಲಿನೊ.

ಪುಸ್ತಕ ಹೋದ ಮನೆಯವರೆಲ್ಲ ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದರು. ಚಿತ್ರದಲ್ಲಿ ಸಾಯುವವನ ಮಂಚದ ಸುತ್ತ ನಿಂತ ಪಿಶಾಚಿಗಳ ಕಣ್ಣನ್ನು ಸೂಜಿಯಿಂದ ಕೆರೆದು ತೆಗೆಯುವುದು. ಕಣ್ಣು ಹೋದ ಪಿಶಾಚಿ ಮನೆಯೆಲ್ಲ ತಡಕಾಡಿದರೂ ಸಾಯುವವನನ್ನು ಕಾಣಲಾರದು ಎಂಬ ನಂಬಿಕೆ. ನಂಬಿಕೆಗೇನು, ಸೂಜಿ ಅಗ್ಗ.

ಈಗ ಬರ್ತೊಲಿನೊನೇ ಮಲಗಿದ್ದ. ಮೂರು ದಿನದಿಂದ ಜೀವ ಗಂಟಲಲ್ಲಿ ನಿಂತಿತ್ತು. ನಡುಹಗಲಾದರೂ ಮಂಜು ಕಿಟಕಿ ಬಿಟ್ಟು ಕದಲಿರಲಿಲ್ಲ. ಪಕ್ಕದ ಮನೆಯ ಜಾಕೋಮಾ ಕಾಳಿನ ಸಾರು ತಂದಿಟ್ಟು ಪಿಸುಗುಟ್ಟಿದಳು:

"ಪುಸ್ತಕ ಯಾಕೆ ತೆಗ್ದಿಲ್ಲ ತಾದ್ದೇಯಕ್ಕ? ಆ ಕೊಂಬಿನ ಪಿಶಾಚಿ ಕಣ್ಣು ಕಿತ್ತಿದ್ದು ನಾನೇ ಕಣಕ್ಕ. ನಮ್ಮತ್ತೆ ಕಣ್ಣೂ ಕೀಳ್ಬೇಕಿತ್ತು. ಸತ್ತು ಆರು ವರ್ಷ ಆಯ್ತು, ಇನ್ನೂ ನನ್ನ ಒಲೇನೇ ನೋಡ್ತಾ ಕೂತಿರ್ತಾಳೆ!"

ತಾದ್ದೇಯಾ ನಗಲಿಲ್ಲ. ಜಾಕೋಮಾ ಹೋಗುವುದನ್ನೇ ಕಾದು ಬಾಗಿಲು ಹಾಕಿಕೊಂಡಳು.

ಆ ಚಿತ್ರದಲ್ಲಿ ಮಂಚದ ಕಾಲ್ದೆಸೆಗೆ ಒಬ್ಬ ಹೆಂಗಸು ನಿಂತಿದ್ದಾಳೆ. ಬರ್ತೊಲಿನೊನ ಮೊದಲ ಹೆಂಡತಿ ಓರ್ಸೊಲಾ, ಹೆರಿಗೆಯಲ್ಲಿ ಸತ್ತವಳು. ತಾದ್ದೇಯಾಳನ್ನು ಮದುವೆಯಾದ ವರ್ಷವೇ ಅವನು ಆ ಮುಖವನ್ನು ಕೆತ್ತಿದ್ದ. ಸವತಿ ಮಣ್ಣಾಗಿದ್ದರೂ ಮತ್ಸರ ಮಣ್ಣಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ತಾದ್ದೇಯಾ ಸೂಜಿ ಹಿಡಿದು ಆ ಎರಡು ಕಣ್ಣನ್ನೂ ಕೆರೆದುಬಿಟ್ಟಳು.

ಅಂದಿನಿಂದ ಮನೆಯಲ್ಲಿ ಯಾರೋ ತಡಕಾಡುತ್ತಿದ್ದರು. ಮೆಟ್ಟಿಲ ಗೋಡೆಯ ಮೇಲೆ ಅಂಗೈ ಸವರುತ್ತಾ ಬರುವ ಸದ್ದು. ಅಡುಗೆಮನೆಯಲ್ಲಿ ಒಂದೊಂದೇ ಪಾತ್ರೆಯನ್ನು ಮುಟ್ಟಿ ನೋಡುವ ಸದ್ದು. ಸುಣ್ಣದ ಗೋಡೆಯಲ್ಲಿ ಎದೆಯೆತ್ತರಕ್ಕೆ ಬೆರಳಿನ ಗೆರೆಗಳು. ಎಷ್ಟು ಸಲ ಸುಣ್ಣ ಬಳಿದರೂ ಅವು ಮತ್ತೆ ಮೂಡುತ್ತಿದ್ದವು.

"ಪುಸ್ತಕ ಎಲ್ಲೇ?" ಎಂದ ಬರ್ತೊಲಿನೊ.

"ಕಮ್ಮಾರರ ಮನೇಲಿದೆ, ಇನ್ನೂ ತಂದುಕೊಟ್ಟಿಲ್ಲ."

"ಓರ್ಸೊಲಾ ಬರ್ತೀನಿ ಅಂದಿದ್ಲು ಕಣೆ. ಸಾಯೋವಾಗ ಮಾತು ಕೊಟ್ಟಿದ್ಲು, ನಿನ್ನ ಹೊತ್ತು ಬಂದಾಗ ಕರ್ಕೊಂಡು ಹೋಗೋಕೆ ಬರ್ತೀನಿ ಅಂತ. ಅದಕ್ಕೇ ಚಿತ್ರದಲ್ಲಿ ಮಂಚದ ಹತ್ರ ಅವಳನ್ನ ಕೆತ್ತಿದ್ದು. ಒಬ್ನೇ ಹೋಗೋಕೆ ಭಯ ಆಗುತ್ತೆ... ಯಾಕಿನ್ನೂ ಬರ್ತಿಲ್ಲ?"

ನಾಲ್ಕು ವರ್ಷ ತಾದ್ದೇಯಾ ತನಗಾಗಿ ಹೆದರಿದ್ದಳು. ಈ ಮನುಷ್ಯನಿಗೆ ಸಾಯಲೂ ಆಗದಂತೆ ಮಾಡಿದ್ದೇನೆಂದು ಈಗ ತಿಳಿಯಿತು. ಪೆಟ್ಟಿಗೆಯಿಂದ ಪುಸ್ತಕ ತೆಗೆದು ಅವನ ಎದೆಯ ಮೇಲೆ ತೆರೆದಿಟ್ಟಳು. ಕೆತ್ತನೆಗಾರನ ಬೆರಳು ಕಾಗದದ ಎರಡು ತೂತುಗಳ ಮೇಲೆ ನಿಂತಿತು.

"ಯಾರು ಮಾಡಿದ್ದು?"

"ನಾನೇ. ಮಸಿ ಜಾಸ್ತಿ ಹತ್ತಿ ಮುಖ ಕಪ್ಪಾಗಿತ್ತು, ಪಿಶಾಚಿ ಅನ್ಕೊಂಡೆ." ಅವಳು ತೂತುಗಳ ಮೇಲಿದ್ದ ಅವನ ಬೆರಳನ್ನು ನೋಡಿದಳು. "ಇಲ್ಲ, ಸುಳ್ಳು. ಗೊತ್ತಿದ್ದೇ ಮಾಡ್ದೆ. ಹನ್ನೊಂದು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೀನಿ. ನನ್ನ ಮುಖ ಒಂದ್ಸಲಾನಾದ್ರೂ ಕೆತ್ತಿದ್ರಾ?"

"ನೀನು ಎದುರಿಗೇ ಇದ್ಯಲ್ಲೇ," ಎಂದ ಅವನು. ಗೋಡೆಯ ಕಡೆ ತಿರುಗಿಕೊಂಡ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಂಗೈಯ ಸದ್ದಾಯಿತು. ಅದು ಬಾಗಿಲವರೆಗೆ ಬಂತು, ಒಳಗೆ ಬಾರದೆ ಮುಂದೆ ಅಡುಗೆಮನೆಗೆ ಹೋಯಿತು, ಒಂದು ತಟ್ಟೆ ಉರುಳಿತು. ತಾದ್ದೇಯಾ ಎದ್ದು ಬಾಗಿಲಾಚೆಗೆ ಹೋಗಿ ಖಾಲಿ ಗಾಳಿಗೆ ಕೈ ಚಾಚಿದಳು. ತಣ್ಣನೆಯ ಬೆರಳುಗಳು ಮೊದಲು ಅವಳ ಹಣೆ ಮುಟ್ಟಿದವು, ಆಮೇಲೆ ರೆಪ್ಪೆಗಳನ್ನು ಮುಟ್ಟಿ ಅಲ್ಲೇ ನಿಂತವು. ಒತ್ತಿದರೆ ಮುಗಿಯಿತು ಎಂದುಕೊಂಡಳು. ಬೆರಳುಗಳು ಒತ್ತಲಿಲ್ಲ.

"ನಾನು ತಾದ್ದೇಯಾ," ಎಂದಳು. "ಅವರು ಒಳಗಿದ್ದಾರೆ. ಬಾ ಅಕ್ಕ."

ಆ ಕೈ ಹಿಡಿದು ನಡೆಸಿಕೊಂಡು ಬಂದಳು. ಹೊಸ್ತಿಲು ಬಂದಾಗ "ಹುಷಾರು" ಎಂದಳು. ಮಂಚದ ಆಚೆ ಬದಿಗೆ ಕರೆದೊಯ್ದು ಅವನ ಹಣೆಯ ಮೇಲೆ ಆ ಕೈಯನ್ನಿಟ್ಟು ತಾನು ಈಚೆಗೆ ಬಂದು ನಿಂತಳು.

"ಬಂದ್ಯಾ," ಎಂದ ಬರ್ತೊಲಿನೊ. ಉಸಿರು ನಿಂತಿತು.

ಕಣ್ಣು ಮಾತ್ರ ತೆರೆದೇ ಇತ್ತು, ಗೋಡೆಯ ಕಡೆಗೆ. ಆ ಮುಖದಲ್ಲಿ ಭಯದ ಸುಳಿವಿರಲಿಲ್ಲ. ಅದನ್ನು ಕಂಡು ತಾದ್ದೇಯಾಳಿಗೆ ಸಮಾಧಾನವಾಯಿತು, ಹೊಟ್ಟೆಯೂ ಉರಿಯಿತು. ಆ ಕಣ್ಣು ಮುಚ್ಚಬೇಕಾದವಳು ತಾನೇ. ಮಂಚ ಬಳಸಿ ಆಚೆ ಬದಿಗೆ ಹೋದಳು, ಅವನು ನೋಡುತ್ತಿದ್ದ ಜಾಗದಲ್ಲೇ ತನ್ನ ಮುಖ ಅವನ ಕಣ್ಣಿನ ಎದುರಿಗೆ ಬರುವಂತೆ ಬಗ್ಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಮುಚ್ಚಿದಳು.