ಭುಜಂಗಪ್ಪನ ಸೇವು, ಹಿಮಾಲಯದಾಚೆಯ ಹಕ್ಕಿ

ಐರೋಳಿಯ ಸೇವಿನಂಗಡಿಯ ಭುಜಂಗಪ್ಪ ಬಾಣಲೆಗೆ ಖಾರಾ ಸೇವು ಬಿಟ್ಟರೆ ಅದರ ಘಮ ಠಾಣೆ ಊರು ದಾಟಿ, ಹಿಮಾಲಯ ಹತ್ತಿ ಇಳಿದು, ಟಿಬೆಟ್ಟಿನ ಸರೋವರಗಳಲ್ಲಿ ಕೂತ ಕಡಲಹಕ್ಕಿಗಳ ಮೂಗಿಗೇ ಬಡಿಯುತ್ತಿತ್ತು. ಇಲ್ಲದಿದ್ದರೆ ಪ್ರತಿ ನವೆಂಬರಿಗೆ ಅವು ಅಷ್ಟು ದೂರದಿಂದ ಈ ಖಾಡಿಗೇ, ಈ ಕಡಲ ಹಿನ್ನೀರಿಗೇ ಯಾಕೆ ಬರಬೇಕು? ಹದಿನೈದು ವರ್ಷಗಳಿಂದ ಭಾನುವಾರ ಬೆಳಿಗ್ಗೆ ದಂಡೆಯಲ್ಲಿ ನಿಂತು ಅವನು ಸೇವು ಎರಚುತ್ತಿದ್ದ. ಒಮ್ಮೆ ಹಕ್ಕಿಗಳು ಮುತ್ತಿದ ರಭಸಕ್ಕೆ ಸೂರ್ಯನೇ ಮರೆಯಾಗಿ, ಪಕ್ಕದ ಕಳವಾ ಊರಿನ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದ್ದವಂತೆ.

೨೦೧೪ರ ಡಿಸೆಂಬರಿನಲ್ಲಿ ಬದಲಾಪುರದಿಂದ ಬೀಗರು ಶಿವರಾಜಪ್ಪ ಬಂದರು. ಯಾವ ಮಾತಿಗೂ "ಖರೇನ?" ಎನ್ನುವ ಮನುಷ್ಯ. ಮಗಳ ಮದುವೆಯ ಪಂಕ್ತಿಯಲ್ಲಿ ಭುಜಂಗಪ್ಪ ಅವರೆದುರು ಕೊಚ್ಚಿಕೊಂಡಿದ್ದ: "ನಾ ಸೀಟಿ ಹೊಡೆದ್ರ ಸಾಕ್ರೀ ಬೀಗರ, ಸಾವಿರ ಹಕ್ಕಿ ತಲಿ ಮ್ಯಾಲ!" ಇವತ್ತು ಅದು ನಿಜವಾಗದಿದ್ದರೆ ಬದಲಾಪುರದ ಮೇಲೆ ಹಾಯುವ ಕರ್ಜತ್ ರೈಲು ಲೈನಿನ ಪ್ರತಿ ಸ್ಟೇಶನ್ನಿನಲ್ಲೂ ಅವನ ಮರ್ಯಾದೆ ಇಳಿಯುವುದು ಖಂಡಿತ.

ಬೀಗರನ್ನು ದಂಡೆಗೆ ಕರೆತಂದು ಭುಜಂಗಪ್ಪ ಸೀಟಿ ಹೊಡೆದ. ಹಕ್ಕಿಗಳು ಕೂಗುತ್ತ ಬಂದವು. ಭುಜಂಗಪ್ಪ ಸೇವಿನ ಮುಷ್ಟಿ ಎತ್ತಿದ.

"ಅಂಕಲ್, ಹಾಕ್ಬೇಡಿ!"

ದುರ್ಬೀನು, ನೋಟ್‌ಬುಕ್ಕು ಹಿಡಿದ ಹುಡುಗಿ. ಖಾರಘರದ ಇಂಚರ, ಕಾಲೇಜಿನ ಪರವಾಗಿ ಹಕ್ಕಿ ಎಣಿಸಲು ಬಂದವಳು.

"ಕರಿದಿದ್ದು ಅವಕ್ಕೆ ಒಗ್ಗಲ್ಲ. ಸುಲಭಕ್ಕೆ ಸಿಕ್ಕಿದ್ರೆ ಮೀನು ಹಿಡಿಯೋದೂ ಬಿಡ್ತವೆ. ಬೇಸಿಗೆಗೆ ಹಿಮಾಲಯ ದಾಟಿ ವಾಪಸ್ ಹೋಗ್ಬೇಕಲ್ವಾ?"

"ನನ್ನ ಸೇವು ತಿಂದು ಯಾರ ಹೊಟ್ಟಿನೂ ಕೆಟ್ಟಿಲ್ಲ ಯವ್ವಾ!"

"ನಿಮ್ಮ ಗಿರಾಕಿಗಳ್ಯಾರೂ ಅದನ್ನ ತಿಂದು ಹಿಮಾಲಯ ಹಾರಿಲ್ವಲ್ಲ ಅಂಕಲ್."

ಭುಜಂಗಪ್ಪ ಮೇಲೆ ನೋಡಿದ. ಅಂಗೈಯಗಲದ ಎದೆಯ ಜೀವ. ಅದು ಹಿಮದ ಗೋಡೆ ಹತ್ತಿ ಇಳಿದು ಬಂದಿದೆ. ಅವನಿಗೋ ಮೂರನೆಯ ಮಹಡಿ ಹತ್ತಲು ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕು. ತನ್ನ ಸೇವಿನಿಂದಲೇ ಒಂದು ಹಕ್ಕಿ ಅರ್ಧ ದಾರಿಯಲ್ಲಿ ಸೋತು ಬಿದ್ದರೆ?

ಬೀಗರು ಕಣ್ಣು ಪಿಳುಕಿಸದೆ ಕಾಯುತ್ತಿದ್ದರು. ಭುಜಂಗಪ್ಪ ಮುಷ್ಟಿಯನ್ನು ಸೀದಾ ತನ್ನ ಬಾಯಿಗೇ ಇಳಿಸಿದ. ಹಕ್ಕಿಗಳು ಒಂದೆರಡು ಸುತ್ತು ಹೊಡೆದು, ಟಿಬೆಟ್ಟಿನ ಭಾಷೆಯಲ್ಲಿ ಬೈದು, ನೀರಿನ ನಡುವಿಗೆ ಹೋದವು.

"ನಿಮ್ಮ ಮಾತ ಕೇಳಲಿಲ್ಲಲ್ರೀ ಹಕ್ಕಿ!" ಎಂದು ನಕ್ಕರು ಶಿವರಾಜಪ್ಪ.

"ಕೇಳಿದ್ವು ಅಂತನ ಹೋದ್ವು. 'ದುಡಕೊಂಡು ತಿನ್ರಿ' ಅಂತ ನಾನ ಹೇಳೀನಿ," ಎಂದ ಭುಜಂಗಪ್ಪ, ಬಾಯ್ತುಂಬ ಸೇವು.

ಅಷ್ಟರಲ್ಲಿ ಒಂದು ಹಕ್ಕಿ ನೀರಿಗೆರಗಿ ಬೆಳ್ಳಗೆ ಮಿಂಚುವ ಮೀನು ಕಚ್ಚಿಕೊಂಡು ಎದ್ದಿತು. ಬೀಗರು ಮೊದಲ ಸಲ "ಖರೇನ?" ಎನ್ನಲಿಲ್ಲ. "ಆಹಾ!" ಎಂದರು.

ಮರು ಭಾನುವಾರದಿಂದ ಭುಜಂಗಪ್ಪ ದಂಡೆಯ ಕಾವಲುಗಾರ. ಸೇವಿನಂಥದೇ ಗಾಠಿಯಾ ಪೊಟ್ಟಣ ಹಿಡಿದು ಬಂದವರನ್ನೆಲ್ಲ ತಡೆದು, "ನೀವ ತಿನ್ರಿ, ಹಕ್ಕಿಗೆ ಬ್ಯಾಡ" ಎನ್ನುತ್ತಿದ್ದ. ಸೇವು ಮಾರುವವನೇ ಹೀಗೆಂದರೆ ಕೇಳದವರಾರು?

ಇಂಚರಳ ನೋಟ್‌ಬುಕ್ಕಿಗೂ ಇಣುಕಿದ. "ಎಷ್ಟಾತು?"

"ನಾನೂರ ಹನ್ನೆರಡು, ಅಂಕಲ್."

"ಒಂದು ಸೊನ್ನಿ ಬಿಟ್ಟೀಯಲ್ಲ, ಯವ್ವಾ!"